ಬೆಂಕಿಯಿಲ್ಲದ ಬಿಸಿ

ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ ತೆಗೆಯೋಣವೆಂದು ಇವತ್ತು ದೊಡ್ಡ ಗಾಜಿನ ಜಾಡಿಯ ಮುಚ್ಚಳ ತಿರುಗಿಸಿದೆ. ಹುಳಿ ವಾಸನೆ ಮೂಗಿಗೆ ಬಡಿಯುವ ಮೊದಲೇ ನನ್ನ ಅಂಗೈ ತಾನಾಗಿಯೇ ಜಾಡಿಯ ಹೊಟ್ಟೆಯನ್ನು ಮುಟ್ಟಿ ನೋಡಿತು, ಬಿಸಿ ಇದೆಯೋ ಎಂದು. ಮಾವಿನಕಾಯಿ ಜಾಡಿ ಯಾಕೆ ಬಿಸಿಯಿರಬೇಕು ಎಂದು ನೀವು ಕೇಳಬಹುದು. ಕೇಳಿ, ಹೇಳುವುದಕ್ಕೇ ಕುಳಿತಿದ್ದೇನೆ.

ನಾನು ಮದುವೆಯಾಗಿ ಕುಂಭಾಶಿಯ ಈ ಮನೆಗೆ ಬಂದದ್ದು ತೊಂಬತ್ತೇಳರಲ್ಲಿ. ಮಾವ ಆಗಷ್ಟೇ ಫಿಸಿಕ್ಸ್ ಮೇಷ್ಟ್ರ ಕೆಲಸದಿಂದ ನಿವೃತ್ತರಾಗಿದ್ದರು. ನಿವೃತ್ತರಾದ ಗಂಡಸರು ಸಾಮಾನ್ಯವಾಗಿ ದೇವರನ್ನೋ ಡಾಕ್ಟರನ್ನೋ ಹಚ್ಚಿಕೊಳ್ಳುತ್ತಾರೆ. ನಮ್ಮ ಮಾವ ಈ ಜಾಡಿಯನ್ನು ಹಚ್ಚಿಕೊಂಡಿದ್ದರು. ಅದರಲ್ಲಿ ಸೋಡಾ ಕದಡಿದ ನೀರು, ಒಂದು ನಿಕ್ಕಲ್ ತಗಡು, ಒಂದು ತಂತಿ, ಹಳೆ ರೇಡಿಯೋದ ಎಲಿಮಿನೇಟರಿನಿಂದ ಕರೆಂಟು. ಬಿಸಿ ಸೋರಿಹೋಗದಂತೆ ಜಾಡಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಸುತ್ತ ಅತ್ತೆಯ ಹಳೆ ಸೀರೆಗಳನ್ನು ತುರುಕಿದ್ದರು. ಬಿ.ಎಸ್ಸಿ. ಓದಿದ ಸೊಸೆ ಎಂಬ ಕಾರಣಕ್ಕೆ ಬೆಳಿಗ್ಗೆ ಥರ್ಮಾಮೀಟರ್ ನೋಡುವ ಹೊಣೆ ನನ್ನ ಪಾಲಿಗೆ ಬಂತು. ಅಡುಗೆಮನೆಯಲ್ಲಿ ನನ್ನ ಸಾರಿಗೆ ಇನ್ನೂ ಮರ್ಯಾದೆ ಸಿಕ್ಕಿರಲಿಲ್ಲ. ಇಲ್ಲಾದರೂ ಸಿಗಲಿ ಎಂದು ಒಪ್ಪಿಕೊಂಡೆ.

ಮಾವ ಹುಡುಕುತ್ತಿದ್ದದ್ದಕ್ಕೆ ಕೋಲ್ಡ್ ಫ್ಯೂಶನ್ ಎಂದು ಹೆಸರು. ಸೂರ್ಯನೊಳಗೆ ಪರಮಾಣುಗಳ ಪುಟ್ಟ ಬೀಜಗಳು ಒಂದಕ್ಕೊಂದು ಕೂಡಿಕೊಂಡು ಬಿಸಿ ಹುಟ್ಟುತ್ತದೆ. ಹಾಗೆ ಕೂಡಲು ಲೆಕ್ಕವಿಲ್ಲದಷ್ಟು ಶಾಖ ಬೇಕು. ಅದೇ ಕೂಟ ಮೇಜಿನ ಮೇಲಿನ ಜಾಡಿಯಲ್ಲಿ ತಣ್ಣಗೆ ನಡೆಯುತ್ತದೆಂದು ಇಬ್ಬರು ವಿಜ್ಞಾನಿಗಳು ಕೆಲವು ವರ್ಷಗಳ ಹಿಂದೆ ಸಾರಿಬಿಟ್ಟಿದ್ದರು. ಲೋಕವೆಲ್ಲ ಜಾಡಿ ಹಿಡಿದು ಕೂತಿತು. ಹೆಚ್ಚಿನವರಿಗೆ ಏನೂ ಸಿಗಲಿಲ್ಲ, ಸಿಕ್ಕಿತೆಂದವರಿಗೆ ಬೇಕೆಂದಾಗ ಮತ್ತೆ ಸಿಗಲಿಲ್ಲ.

"ಹಾಂಗಾರೆ ಸುಳ್ಳಲ್ದಾ ಮಾವ?" ಎಂದೆ.

"ಸುಳ್ಳ್ ಅಂದ್ ಹೇಳುಕೂ ಒಂದ್ ಸಲ ಮಾಡಿ ಕಾಣ್ಕಲ್ದಾ ಮಗಾ" ಎಂದರು.

ಅಸಲು ಪ್ರಯೋಗಕ್ಕೆ ಬೇಕಾದದ್ದು ಭಾರಜಲ, ಅಣುಸ್ಥಾವರಗಳಲ್ಲಿ ಬಳಸುವ ಹೆವಿ ವಾಟರ್. ಅದು ನಮ್ಮಂಥವರಿಗೆ ಎಲ್ಲಿ ಸಿಗಬೇಕು? ಕುಂದಾಪುರದ ಪೇಟೆಯಲ್ಲಿ ಮೀನು ಮಾರುತ್ತಿದ್ದ ಆಚೆಮನೆ ಗುಲಾಬಿಯಕ್ಕನ ಕಿವಿಗೆ ಈ ಸುದ್ದಿ ಬಿತ್ತು. "ಹ್ವಾಯ್ ಮಾಷ್ಟ್ರೆ, ಭಾರದ್ ನೀರ್ ಬೇಕಾ? ನಮ್ಮ ಬಾವಿದ್ ತಕಂಡ್ ಹೋಯ್ನಿ. ಎಷ್ಟ್ ಕುದ್ಸ್ರೂ ಬ್ಯಾಳಿ ಬೇಯುದಿಲ್ಲ" ಎಂದು ಒಂದು ಕೊಡ ತಂದಿಟ್ಟೇ ಬಿಟ್ಟರು. ನಿಕ್ಕಲ್ ಇದ್ದರೆ ಸಾದಾ ನೀರೂ ಸಾಕು ಎನ್ನುವವರು ಇದ್ದಾರೆಂದು ಮಾವ ನಮ್ಮ ಬಾವಿ ನೀರಿಗೇ ನಿಂತರು.

ಅವರಿಗೆ ಹೆಸರಿನ ಆಸೆ ಇರಲಿಲ್ಲ. ಬಚ್ಚಲಿನಲ್ಲಿ ಹಂಡೆಯ ಒಲೆಯಿತ್ತು. ಮಳೆಗಾಲದಲ್ಲಿ ಒದ್ದೆ ತೆಂಗಿನ ಮಡಲು ತುರುಕಿ, ಊದಿ ಊದಿ ಅತ್ತೆಗೆ ಕೆಮ್ಮು ಹಿಡಿದಿತ್ತು. ಅವರು ಕೆಮ್ಮುವುದು ಕೇಳಿಸಿದಾಗಲೆಲ್ಲ ಮಾವ ಜಾಡಿಯ ಕಡೆ ನೋಡುತ್ತಿದ್ದರು.

"ಇದೊಂದ್ ಸಮ ಆಯ್ಲಿ, ಮತ್ತೆ ನೀ ಒಲಿ ಊದುದೇ ಬ್ಯಾಡ ಮರಾಯ್ತಿ."

"ಅಲ್ಲಿವರಿಗೆ ಯಾರೂ ಮೀಯುಕಿಲ್ಯಾ?" ಎಂದು ಅತ್ತೆ ಊದುಗೊಳವೆ ಎತ್ತಿಕೊಂಡು ಹೋಗುತ್ತಿದ್ದರು.

ನಂಬಿದರೆ ನಂಬಿ, ಆಷಾಢದಲ್ಲಿ ಜಾಡಿ ಬಿಸಿಯಾಯಿತು. ಕರೆಂಟು ಹರಿದರೆ ನೀರು ಒಂದಿಷ್ಟು ಬಿಸಿಯಾಗುವುದು ಸಹಜ. ಅದನ್ನು ಕಳೆದರೂ ಬಿಸಿ ಮಿಗುತ್ತಿತ್ತು. ಗಾಳಿಮಳೆಗೆ ಇಡೀ ದಿನ ಕರೆಂಟು ಹೋಗಿದ್ದಾಗಲಂತೂ ಮರುದಿನ ಬೆಳಿಗ್ಗೆ ಜಾಡಿ ಇನ್ನೂ ಬೆಚ್ಚಗಿತ್ತು! ಮಾವ ಬೆಂಚಿನ ಮೇಲೆ ಕುಸಿದು ಕೂತರು. ನಾನಂತೂ ಸೂರ್ಯ ನಮ್ಮ ಚಾವಡಿಗೇ ಬಂದನೆಂದು ಪೂರ್ತಿ ನಂಬಿಬಿಟ್ಟೆ. ಮಾವ ಮಾತ್ರ ಸುಧಾರಿಸಿಕೊಂಡು, "ಒಂದೇ ಮನೇಲಿ ಬಿಸಿ ಆಪು ನೀರ್ ವಿಜ್ಞಾನ ಅಲ್ಲ ಮಗಾ. ಆಚಿಮನೇಲೂ ಆಯ್ಕ್" ಎಂದರು.

ಪೆಟ್ಟಿಗೆ ಸಮೇತ ಜಾಡಿ ಗುಲಾಬಿಯಕ್ಕನ ಮನೆಗೆ ಹೋಯಿತು. ಅಲ್ಲಿ ಕರೆಂಟಿನ ಬಿಸಿಯಷ್ಟೇ; ಮೇಲೊಂದಿಷ್ಟೂ ಇಲ್ಲ. ವಾಪಸು ತಂದೆವು, ಮತ್ತೆ ಬಿಸಿ. ಪುನಃ ಒಯ್ದೆವು, ಪುನಃ ಇಲ್ಲ. ಮಾವನಿಗೆ ಊಟ ಸೇರದಾಯಿತು.

"ಅಲ್ಲ್ ಎಂತಕ್ ಬಿಸಿ ಆತಿಲ್ಲ?" ಎಂದು ಒಂದು ಮಧ್ಯಾಹ್ನ ಗಂಜಿಯ ಬಟ್ಟಲನ್ನೇ ಕೇಳಿದರು.

ಚಟ್ನಿ ಬಡಿಸುತ್ತಿದ್ದ ಅತ್ತೆ ಹೇಳಿದರು: "ಅಲ್ಲ್ ಬೆಕ್ಕ್ ಮನಿಕಂಬುದಿಲ್ಲ ಅಲ್ದಾ. ಅವ್ರ ಮನೇಲಿ ನಾಯಿ ಇತ್ತ್."

"ಯಾವ್ ಬೆಕ್ಕ್?"

"ನಮ್ಮನಿದೇ. ದಿನಾ ನಿಮ್ಮ ಪೆಟ್ಗಿಯೊಳ್ಗ್ ಜಾಡಿ ಅಪ್ಕಂಡ್ ಮನಿಕಂತ್. ನೀವ್ ಬಂದ್ರೆ ಹೆದ್ರಿ ಓಡತ್."

"ನಂಗೆ ಒಂದ್ ಮಾತ್ ಹೇಳುಕಾಗ್ಲಿಲ್ಯಾ?"

"ಜಾಡಿ ಬಿಸಿ ಇತ್ತ್, ಅದ್ಕೇ ಬೆಕ್ಕ್ ಮನಿಕಂತ್ ಅಂದೇಳಿ ಇಷ್ಟ್ ದಿನ ಅಂದ್ಕಂಡಿದ್ದೆ ನಾನ್. ನಿಮ್ದ್ ಸಮ ಆಯ್ತಲೆ ಅಂದೇಳಿ ಖುಷಿ ಆಯ್ತ್."

ಮಾವ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ. ಕೈ ತೊಳೆದು ಬಂದು ಅವರೇ ಎಲಿಮಿನೇಟರಿನ ಸ್ವಿಚ್ಚು ಆರಿಸಿದರು.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಎಂದಿಗಿಂತ ಹೆಚ್ಚು ಹೊಗೆ. ಓಡಿಹೋಗಿ ನೋಡಿದರೆ ಮಾವ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ, ಮೀಸೆಯೆಲ್ಲ ಬೂದಿ.

"ನೀವ್ ಎಂತಕ್ ಮಾವ?"

"ಆ ಬಿಸಿ ಸಿಕ್ಕಲಿಲ್ಲ ಮಗಾ. ಇದ್ ಸಿಕ್ಕತ್."

ಮಂಡಿ ಬಗ್ಗುವಷ್ಟು ಕಾಲವೂ ಆ ಒಲೆ ಅವರದೇ ಆಯಿತು. ಅತ್ತೆಯ ಕೆಮ್ಮು ಇಳಿಯಿತು. ಜಾಡಿಯನ್ನು ಅತ್ತೆ ಉಜ್ಜಿ ಉಜ್ಜಿ ತೊಳೆದು ಉಪ್ಪಿನ ಮಾವಿನಕಾಯಿಗೆ ಇಟ್ಟುಕೊಂಡರು.

ಈಗ ಮಾವ ಇಲ್ಲ. ತಾರಸಿಯ ಮೇಲೆ ಸೋಲಾರ್ ಬಂದಿದೆ. ಅದೂ ಸೂರ್ಯನೇ, ದೂರದಿಂದ. ಎಲ್ಲೋ ಯಾರದೋ ಜಾಡಿ ಬಿಸಿಯಾಯಿತೆಂದು ಪೇಪರಿನಲ್ಲಿ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಆಚೆಮನೆಯಲ್ಲೂ ಆಯಿತೇ ಎಂದು ನೋಡುತ್ತೇನೆ. ಇದುವರೆಗೆ ಆಗಿಲ್ಲ.

ಮಾವಿನಕಾಯಿ ತೊಳೆದು ಹೆಚ್ಚಿ, ಚಾವಡಿಯಲ್ಲಿ ಕೂತಿದ್ದ ಅತ್ತೆಗೆ ಕೊಟ್ಟೆ. ಆ ಪ್ರಯೋಗ ಸೋತಿತೆಂದೇ ಇಷ್ಟು ವರ್ಷ ಮರುಗಿದವಳು ನಾನು, ಬಾಯಿ ತಡೆಯದೆ ಹೇಳಿಬಿಟ್ಟೆ: "ಮಾವನ ಜಾಡಿ ಒಂದ್ ಸಮ ಆಯ್ಕಿತ್ತ್ ಅತ್ತೆ."

ಅತ್ತೆ ಹೋಳನ್ನು ಚೀಪುತ್ತ ಬಚ್ಚಲಿನ ಕಡೆ ನೋಡಿದರು.

"ಆಯ್ಲಿಲ್ಲ, ಒಳ್ಳೇದೇ ಆಯ್ತ್ ಹೆಣೆ. ಆಯ್ದಿದ್ರೆ ಅವ್ರ್ ನಂಗ್ ನೀರ್ ಕಾಯ್ಸಿ ಕೊಡ್ತಿದ್ರಾ?"