ಮೋಟುಗಾಲಿನಾಕಿ, ಏಳು!

ಮೊನ್ನೆ ಸಂಜೆ ಮಗಳು ಆಟದ ಮೈದಾನದಿಂದ ಬಂದವಳೇ ಶೂ ಬಿಸಾಡಿ ಮೂಲೆಯಲ್ಲಿ ಕುಳಿತಳು. ಶೂಗೆ ಮೆತ್ತಿಕೊಂಡಿದ್ದ ಗೆರೆ ಎಳೆಯುವ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. "ಎಲ್ರೂ ನನ್ನ ಮೋಟುಗಾಲಿ ಅಂತಾರಮ್ಮ. ನಾಳೆಯಿಂದ ಹೋಗಲ್ಲ" ಎಂದಳು. ಆ ವಾಸನೆ, ಆ ಮಾತು... ಎರಡೂ ಸೇರಿ ನನ್ನನ್ನು ಕುರುಬರಹಳ್ಳಿಯ ನಮ್ಮ ಶಾಲೆಯ ಮೈದಾನಕ್ಕೆ ಎಳೆದೊಯ್ದವು.

ಆ ಬಿರುದು ಮೊದಲು ನನ್ನದಾಗಿತ್ತು. ಬೆಂಚಿನ ಮೇಲೆ ಕುಳಿತರೆ ಎಲ್ಲರ ಸಮ, ಎದ್ದು ನಿಂತರೆ ಎಲ್ಲರಿಗಿಂತ ಕುಳ್ಳಿ! ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಮನೆಯವರು ಸಮಾಧಾನ ಹೇಳುತ್ತಿದ್ದರು. ಕೀರ್ತಿ ಎಲ್ಲಿತ್ತು, ಮಣ್ಣು! ನನಗೋ ಖೋ-ಖೋ ತಂಡ ಸೇರುವ ಆಸೆಯೋ ಆಸೆ. ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ.

ಆ ವರ್ಷ ಹುಬ್ಬಳ್ಳಿ ಕಡೆಯ ಆಟದ ಟೀಚರ್ ಬಂದರು. ತಂಡ ಆರಿಸಲು ಅವರು ಯಾರನ್ನೂ ಓಡಿಸಲಿಲ್ಲ. ಎಲ್ಲರನ್ನೂ ಸಾಲಾಗಿ ಕುಕ್ಕರಗಾಲಲ್ಲಿ ಕೂರಿಸಿ, ಹಿಂದಿನಿಂದ ಚಪ್ಪಾಳೆ ತಟ್ಟಿ, ಯಾರು ಮೊದಲು ಏಳುತ್ತಾರೆಂದು ನೋಡಿದರು. ಉದ್ದ ಕಾಲಿನವರು ಮಡಚಿದ್ದನ್ನು ಬಿಡಿಸುವಷ್ಟರಲ್ಲಿ ನಾನು ನಾಲ್ಕು ಹೆಜ್ಜೆ ಮುಂದಿದ್ದೆ. ಮೂರು ಸಲವೂ.

"ಈ ಮೋಟುಗಾಲಿನಾಕಿ ನನಗ ಬೇಕು" ಎಂದರು. ಹುಡುಗಿಯರು ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕ ನಗ್ತೀರಿ? ಖೋ-ಖೋ ಅಂದ್ರ ಕೂತು ಏಳೋ ಆಟ. ನೆಲಕ್ಕ ಹತ್ತರ ಇದ್ದಾಕಿ ಮೊದಲ ಏಳ್ತಾಳ" ಎಂದರು ಟೀಚರ್. ಅಂದಿನಿಂದ ಅವರು ಹಾಗೆ ಕರೆದರೆ ನನಗೆ ನೋವಾಗುತ್ತಿರಲಿಲ್ಲ.

ರಾಜಾಜಿನಗರದ ಒಂದು ಶಾಲೆಯ ಮೇಲೆ ಫೈನಲ್. ಇನ್ನೊಬ್ಬಳು ಔಟಾದರೆ ಗೆಲುವು ನಮ್ಮದು. ಆಟ ಮುಗಿಸುವ ಸೀಟಿ ಊದಲು ಕೆಲವೇ ಕ್ಷಣ ಉಳಿದಿತ್ತು. ಅವರ ಕೊನೆಯ ಹುಡುಗಿ, ನೀಳಕಾಲಿನವಳು, ನನ್ನನ್ನು ಲೆಕ್ಕಕ್ಕೇ ಇಡದೆ ನನ್ನ ಮುಂದೆಯೇ ನುಸುಳಿದಳು. ಬೆನ್ನಿಗೆ "ಖೋ" ಬಿತ್ತು. ಗೆರೆಯಾಚೆಯಿಂದ ಟೀಚರ್ ಕೂಗಿದರು: "ಮೋಟುಗಾಲಿನಾಕಿ, ಏಳು!" ಎದ್ದೆ. ಕೈ ಚಾಚಿದೆ. ಅವಳ ಜಡೆಯ ತುದಿ... ಅಲ್ಲ, ಬೆನ್ನೇ ಸಿಕ್ಕಿತು! ಗೆದ್ದೆವು ಕಣ್ರೀ! ಟೀಚರ್ ನನ್ನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು. ಅವತ್ತು ಎಲ್ಲರಿಗಿಂತ ಎತ್ತರ ನಾನೇ.

ಆಮೇಲೆ ಅವರಿಗೆ ವರ್ಗವಾಯಿತು... ತೀರಿಕೊಂಡರೆಂದು ಹೋದ ವರ್ಷ ತಿಳಿಯಿತು. ಒಮ್ಮೆ ಹೋಗಿ ಕಾಣಬಹುದಿತ್ತು, ಕಾಣಲಿಲ್ಲ. ಆ ಸಂಕಟ ಇದ್ದೇ ಇದೆ.

ಸೋಫಾವನ್ನು ಗೋಡೆಗೆ ಸರಿಸಿದೆ. ಮಗಳನ್ನು ಹಾಲ್‌ನ ನಡುವೆ ಕುಕ್ಕರಗಾಲಲ್ಲಿ ಕೂರಿಸಿ, ಪಕ್ಕದಲ್ಲಿ ನಾನೂ ಕುಳಿತು ಎಲ್ಲವನ್ನೂ ಹೇಳಿದೆ. ಆಮೇಲೆ ಚಪ್ಪಾಳೆ ತಟ್ಟಿದೆ: "ಮೋಟುಗಾಲಿನಾಕಿ, ಏಳು!"

ನಾನು ಮಂಡಿ ಹಿಡಿದು ಏಳುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು.

"ಅಮ್ಮಾ, ನನ್ ಶೂ ಎಲ್ಲಿಟ್ಟೆ? ಇನ್ನೂ ಬೆಳಕಿದೆ."