ಕುಣಿಯನ್ನು ಕಾಯಿಸಿದ ಅಯ್ಯನವರು

ನಮ್ಮ ಅಯ್ಯನವರ ಬಲಗಾಲಿನ ಹೆಬ್ಬೆರಳು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ. ಪೂಜೆಗೆ ಕೂತರೂ, ಚಹಾ ಕುಡಿಯುತ್ತಿದ್ದರೂ ಅದು ನೆಲ ಕೆರೆಯುತ್ತಲೇ ಇರುತ್ತಿತ್ತು. ಅವರು ನಮ್ಮ ಮನೆತನದ ಜಂಗಮರು; ಪೂಜೆ, ಮದುವೆ, ಮಣ್ಣು ಎಲ್ಲ ಅವರದೇ. "ಜರಾ ಕುಂದರ್ರಿ ಅಯ್ಯನೋರೆ" ಎಂದು ಅಜ್ಜಿ ಅಂದರೆ, "ನನಗ ಕುಂದ್ರಲಿಕ್ಕೆ ಬರಂಗಿಲ್ಲವ್ವಾ" ಎಂದು ಎದ್ದೇ ಬಿಡುತ್ತಿದ್ದರು.

ಅಪ್ಪ ತೀರಿಕೊಂಡಾಗ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಅವ್ವ ಮೊದಲೇ ಹೋಗಿದ್ದಳು. ನನಗೆ ಪಾಲಕಿಯಾಗಲು ಅಜ್ಜಿ, ಅಂದರೆ ಅವ್ವನ ತಾಯಿ, ನಿಲಂಗಾದ ಕೋರ್ಟಿಗೆ ಅರ್ಜಿ ಹಾಕಿದಳು. ಅಪ್ಪನ ತಮ್ಮ, ನನ್ನ ಕಾಕಾ, ತಕರಾರು ಹಾಕಿದ. ಅವನಿಗೆ ಬೇಕಾದದ್ದು ನಾನಲ್ಲ, ನನ್ನ ಹೆಸರಿಗೆ ಬರುವ ಬಾವಿ ಹೊಲ. ಅಪ್ಪ ಕೊನೆಗೆ ನನ್ನನ್ನು ಯಾರಿಗೆ ಒಪ್ಪಿಸಿದ ಎಂಬುದನ್ನು ಕೇಳಿದ್ದವರು ಅಯ್ಯನವರೊಬ್ಬರೇ.

ಸಾಕ್ಷಿಯ ದಿನ ಕೋರ್ಟಿನ ಪಡಸಾಲೆಯಲ್ಲಿ ಅವರು ಅತ್ತಿಂದಿತ್ತ ಅಲೆಯುತ್ತಿದ್ದಾಗ ಫೋನು ಬಂತು. ಶಿರೂರ ಅನಂತಪಾಳದ ಅವರ ಹಳೆಯ ಭಕ್ತರ ಮನೆಯಲ್ಲಿ ಯಜಮಾನರು ಲಿಂಗೈಕ್ಯರಾಗಿದ್ದರು. ಅಯ್ಯನವರು ತಲೆಯ ಮೇಲೆ ಪಾದ ಇಡದೆ ನಮ್ಮಲ್ಲಿ ಹೆಣವನ್ನು ಕುಣಿಗೆ ಇಳಿಸುವುದಿಲ್ಲ. ಇಂಥ ಕರೆ ಬಂದರೆ ಉಣ್ಣುವ ತಾಟು ಬಿಟ್ಟು ಎದ್ದು ಹೋಗುವವರು ಅವರು. ಇದೇ ಕೊನೆಯ ತಾರೀಖು ಎಂದು ವಕೀಲರು ಮೊದಲೇ ಹೇಳಿದ್ದರು. ನಾನು ಅವರ ಧೋತರದ ಚುಂಗು ಹಿಡಿದುಕೊಂಡೆ.

"ಕುಣಿ ಕಾಯ್ತದ್ರೀ. ಕೂಸಿನ ತಾರೀಖ ಕಾಯಲ್ಲ" ಎಂದರು ಫೋನಿನಲ್ಲಿ. ಆ ಕಡೆಯ ಬೈಗುಳ ನನಗೂ ಕೇಳಿಸಿತು.

ಕೋರ್ಟಿನಲ್ಲಿ ಅವರ ಹೆಸರು ಕೂಗುವಷ್ಟರಲ್ಲಿ ಸಂಜೆಯಾಯಿತು. "ಪೋರಗೀ ಆಜೀಕಡೇ ದ್ಯಾ", ಹುಡುಗಿಯನ್ನು ಅಜ್ಜಿಗೆ ಒಪ್ಪಿಸಿ ಎಂದು ಅಪ್ಪ ಕೈ ಹಿಡಿದು ಹೇಳಿದ್ದನ್ನು ಅವರು ಜಡ್ಜ್ ಸಾಹೇಬರಿಗೆ ಮರಾಠಿಯಲ್ಲಿ ಹೇಳಿದರು. ಕಾಕಾನ ವಕೀಲ ಎಷ್ಟು ತಿರುಗಿಸಿ ಕೇಳಿದರೂ ಅದೇ ಮಾತು. ನಾನು ಅಜ್ಜಿಯ ಮಡಿಲಿಗೆ ಬಂದೆ, ಹೊಲವೂ ಉಳಿಯಿತು.

ಅವತ್ತು ರಾತ್ರಿ ಅವರು ಹೋದಾಗ ಶಿರೂರಿನವರು ಪಾದವನ್ನೇನೋ ಇಡಿಸಿಕೊಂಡರು. ಆಮೇಲೆ ಆ ಬಳಗದ ಒಂದು ಮನೆಯವರೂ ಅವರನ್ನು ಕರೆಯಲಿಲ್ಲ. "ನನ್ನ ಸಲುವಾಗಿ ಹಿಂಗಾತಲ್ರೀ" ಎಂದು ದೊಡ್ಡವಳಾದ ಮೇಲೆ ಒಮ್ಮೆ ಅಂದೆ. "ಹುಚ್ಚಿ, ಹೋಗಿದ್ರ ನನಗ ನಿದ್ದಿ ಬರ್ತಿತ್ತೇನು?" ಎಂದು ನಕ್ಕರು.

ಹೋದ ಶ್ರಾವಣದಲ್ಲಿ ಅವರೂ ಹೋದರು. ಪಾದ ಇಡಲು ಮುರುಮದಿಂದ ಬರಬೇಕಾಗಿದ್ದ ಇನ್ನೊಬ್ಬ ಅಯ್ಯನವರ ಬಸ್ಸು ತಡವಾಯಿತು. ಗೋಡೆಗೆ ಆನಿಸಿ ಕೂರಿಸಿದ್ದ ಅವರೆದುರು ನನಗೆ ಕೂರಲಾಗಲಿಲ್ಲ. ಒಳಗೆ ಹೊರಗೆ ಅಲೆದೆ. ಮಡಚಿದ ಕಾಲಿನ ಆ ಹೆಬ್ಬೆರಳು ಸುಮ್ಮನಿತ್ತು. ಅದನ್ನು ನೋಡಿ ತಡೆಯಲಾಗಲಿಲ್ಲ. ಬಗ್ಗಿ ಅವರ ಕಿವಿಯ ಹತ್ತಿರ ಅಂದೆ:

"ಏಳ್ರಿ ಅಯ್ಯನೋರೆ, ಹೆಸರ ಕೂಗ್ಯಾರ."