ಸಾರಾಯಿ ಅಂಗಡಿ ಗಿರಣಿ

ಶಿಕಾರಿಪುರದಿಂದ ಸೊರಬದ ಕಡೆ ಹೊರಟರೆ ಊರು ಮುಗಿಯುವ ಮುಂಚೆ ರೈಸ್ ಮಿಲ್ಲುಗಳ ಸಾಲು ಸಿಗುತ್ತದೆ. ಅಲ್ಲಿರುವ ನಮ್ಮ ಹಿಟ್ಟಿನ ಗಿರಣಿ ಹಿಂದೆ ಸಾರಾಯಿ ಅಂಗಡಿಯಾಗಿತ್ತು. ಇಡೀ ದಿನ ಮೂಟೆ ಹೊತ್ತು ಮೈ ನೊಂದವರೆಲ್ಲ ಸಂಜೆ ಅಲ್ಲಿಗೆ ಬರುತ್ತಿದ್ದರು. ಒಂದು ಮೂಟೆಯನ್ನೂ ಹೊರದ ನನ್ನಪ್ಪನೂ ಬರುತ್ತಿದ್ದ. ಅವನು ಮಿಲ್ಲಿನ ಗುಮಾಸ್ತ. ಲಿಂಗಪೂಜೆ ಆಗದೆ ನೀರು ಮುಟ್ಟದ ಅಮ್ಮ ನನ್ನ ಕೈ ಹಿಡಿದುಕೊಂಡು, ಎದುರಿನ ಗೋಡೆಗೆ ಒರಗಿ, ಅವನು ಹೊರಬರುವ ತನಕ ನಿಂತಿರುತ್ತಿದ್ದಳು. ಊರೆಲ್ಲ ನೋಡಿತು. ಕೊನೆಗೆ ಲಿವರ್ ಕೆಟ್ಟು ಅಪ್ಪ ಸತ್ತ.

ಆಮೇಲೆ ಸರ್ಕಾರ ಸಾರಾಯಿ ನಿಲ್ಲಿಸಿತು, ಅಂಗಡಿಗೆ ಬೀಗ ಬಿತ್ತು. ಅದೇ ಜಾಗವನ್ನು ಅಮ್ಮ ಬಾಡಿಗೆಗೆ ಹಿಡಿದಾಗ ನಾನು ಜಗಳ ತೆಗೆದೆ.

"ನಿಮ್ಮಪ್ಪನ್ನ ತಿಂದ ಜಾಗ ಅದು. ಇನ್ನು ನಮಗೆ ಅನ್ನ ಹಾಕ್ಲಿ," ಅಂದಳು.

ಸುಣ್ಣ ಹೊಡೆಸಿದಳು, ಹತ್ತಿರದ ತೊಗರ್ಸಿ ಊರಿನ ದೇವರ ಹೆಸರಿನ ಬೋರ್ಡು ಹಾಕಿಸಿದಳು. ಅದನ್ನು ಓದಿದವರು ಯಾರು? "ಸಾರಾಯಿ ಅಂಗ್ಡೀಲಿ ಜೋಳ ಬೀಸಿಸ್ಕಂಡು ಬರ್ತೀನಿ" ಎಂದೇ ಜನ ಮನೆಯಿಂದ ಹೊರಡುತ್ತಿದ್ದರು. "ಹುಟ್ಟುಗುಣ ಸುಟ್ರೂ ಹೋಗಲ್ಲ ಬಿಡ್ರಿ" ಎಂದು ನಗುವವರು ಬೇರೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮ ಮಾತ್ರ ಆ ಹೆಸರನ್ನು ಬಾಯಿಗೆ ತರಲಿಲ್ಲ. ನಾನು ಸೊರಬದಲ್ಲಿ ಮನೆ ಮಾಡಿದ ಮೇಲೆ, ನನ್ನನ್ನು ನೋಡಿಕೊಂಡು ಬಸ್ಸಿನಲ್ಲಿ ವಾಪಸು ಹೋಗುವಾಗ ಕಂಡಕ್ಟರ್ "ಯಾರ್ರೀ ಸಾರಾಯಿ ಅಂಗ್ಡಿ, ಇಳೀರಿ" ಎಂದು ಕೂಗಿದರೆ ಏಳುತ್ತಲೇ ಇರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ಮಂಡಿ ನೋವಿನಲ್ಲೇ ಚೀಲ ಹೊತ್ತು ಹಿಂದಕ್ಕೆ ನಡೆಯುತ್ತಿದ್ದಳು.

"ಊರ ಬಾಯಿ ಮುಚ್ಚೋಕಾಗುತ್ತೇನಮ್ಮ?" ಎಂದರೆ, "ನನ್ನ ಬಾಯಿ ನಂದಲ್ಲ?" ಎನ್ನುತ್ತಿದ್ದಳು.

ಹೋದ ವರ್ಷ ನಾನು ಗಿರಣಿಗೆ ಹೋಗಿದ್ದಾಗ, ರಾಗಿ ಬೀಸುತ್ತಿದ್ದ ಅಮ್ಮ ಎದೆ ಹಿಡಿದುಕೊಂಡು ಕುಸಿದಳು. ಅಂಬುಲೆನ್ಸಿಗೆ ಫೋನ್ ಮಾಡಿದೆ.

"ಗುರುತು ಹೇಳ್ರಿ," ಎಂದ ಡ್ರೈವರ್.

"ಸೊರಬ ರಸ್ತೆ, ರೈಸ್ ಮಿಲ್ ಸಾಲು, ಹಿಟ್ಟಿನ ಗಿರಣಿ."

"ಅಲ್ಲಿ ಗಿರಣಿ ಸುಮಾರದಾವ್ರಿ. ಯಾವ್ದು?"

ದೇವರ ಹೆಸರು ಹೇಳಿದೆ. ಗೊತ್ತಾಗಲಿಲ್ಲ. ಮಿಲ್ಲಿನ ಬಣ್ಣ, ಎದುರಿನ ಕರೆಂಟ್ ಕಂಬ, ಏನೇನೋ ಒದರಿದೆ. ನೆಲದ ಮೇಲೆ ಬೆವರುತ್ತಿದ್ದ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣೆದುರು ಆ ಹೆಸರು ಹೇಳಲು ನನಗೆ ನಾಲಿಗೆ ಹೊರಳಲಿಲ್ಲ.

"ಸಾರಾಯಿ ಅಂಗ್ಡಿ ಅನ್ನು," ಎಂದಳು ಅಮ್ಮ.

ಅಂದೆ.

"ಅದನ್ನ ಮೊದ್ಲೇ ಹೇಳ್ಬಾರದೇನ್ರಿ," ಎಂದವನು ನೆಟ್ಟಗೆ ಬಾಗಿಲಿಗೇ ಬಂದ.

ಅಮ್ಮ ಉಳಿದಳು. ಅವಳೊಬ್ಬಳನ್ನೇ ಬಿಡುವ ಧೈರ್ಯವಾಗದೆ ದಿನಾ ಬೆಳಿಗ್ಗೆ ನಾನೇ ಬಂದು ಗಿರಣಿ ನೋಡಿಕೊಳ್ಳುತ್ತೇನೆ. ಯಾರಾದರೂ ಫೋನಿನಲ್ಲಿ ಜಾಗ ಕೇಳಿದರೆ ಈಗ ಅವಳೇ ಹೇಳುತ್ತಾಳೆ, "ಸಾರಾಯಿ ಅಂಗ್ಡಿ ರೀ" ಎಂದು, ಸಲೀಸಾಗಿ. ಹೇಳಬೇಡ ಎನ್ನಲು ನನಗೆ ಯಾವ ಬಾಯಿದೆ? ಅವಳು ಫೋನ್ ಎತ್ತಿದ ಕೂಡಲೇ, ಹಾಪರಿನಲ್ಲಿ ಕಾಳಿರಲಿ ಇಲ್ಲದಿರಲಿ, ನಾನು ಗಡಗಡ ಸದ್ದಿನ ಮೋಟಾರ್ ಚಾಲೂ ಮಾಡುತ್ತೇನೆ.